ಎಲ್ಲವನ್ನೂ ಹುಡುಗರ ಹೆಗಲಿಗೆ ಹಾಕಿದ ಮಾವ

ನಮ್ಮ ಸೋದರಮಾವನಷ್ಟು ಸೋಮಾರಿ ಮೇಷ್ಟ್ರು ಹೊನ್ನಾಳಿಯಲ್ಲಿ ಮತ್ತೊಬ್ಬರಿರಲಿಲ್ಲ. ಹೀಗೆಂದವಳು ನಾನಲ್ಲ, ಅವರನ್ನು ಕಟ್ಟಿಕೊಂಡ ಅತ್ತೆ! ಜಗಳೂರಿನ ಹತ್ತಿರ ಸೊಕ್ಕೆಯಲ್ಲಿದ್ದ ನಮ್ಮಪ್ಪ ನನ್ನನ್ನು ಓದಲೆಂದು ಅವರ ಮನೆಯಲ್ಲಿ ಬಿಟ್ಟಿದ್ದರು. ಎರಡನೇ ಮಹಾಯುದ್ಧದ ಕಾಲ. ಮಿಡ್ಲ್ ಸ್ಕೂಲಿಗೆ ಮಾವನೇ ಹೆಡ್ ಮೇಷ್ಟ್ರು. ಮೀಸೆ ಮೂಡುವ ಹುಡುಗರನ್ನು ಬೆತ್ತ ತಿದ್ದುವುದಿಲ್ಲ, ಹೊಣೆ ತಿದ್ದುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ಕೈಲಿದ್ದ ಕೆಲಸವನ್ನೆಲ್ಲ ಹುಡುಗರಿಗೆ ಹಂಚಿ, ತಾವು ನಶ್ಯ ಏರಿಸುತ್ತ ಕೂರುತ್ತಿದ್ದರು.

ದಿನಾ ತಡವಾಗಿ ಬರುವವನೊಬ್ಬನಿದ್ದ. ಮಾವ ಶಾಲೆಯ ಬೀಗದ ಕೈಯನ್ನು ಅವನಿಗೇ ಕೊಟ್ಟುಬಿಟ್ಟರು. ಹುಡುಗ ಕೋಳಿಗಿಂತ ಮೊದಲು ಏಳತೊಡಗಿದ. ಆದರೆ ಇನ್‌ಸ್ಪೆಕ್ಟರ್ ಸಾಹೇಬರು ಬಂದ ದಿನವೇ ಅವನಿಗೆ ನಿದ್ದೆ ಹತ್ತಬೇಕೇ? ಇಡೀ ಶಾಲೆ ಬೇವಿನ ಮರದ ಕೆಳಗೆ ನಿಂತಿತು.

“ಬೀಗ ಒಡೆಸ್ರೀ,” ಎಂದರು ಸಾಹೇಬರು.

“ಅದು ಅವನ ಜವಾಬ್ದಾರಿ ಸಾರ್. ನಾನು ಕೈ ಹಾಕಾಕೆ ಬರಲ್ಲ,” ಎಂದು ಮಾವ ನಶ್ಯದ ಡಬ್ಬಿ ಮುಂದೆ ಹಿಡಿದರು.

ಹುಡುಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿ ಬರುವ ಹೊತ್ತಿಗೆ ಸಾಹೇಬರು ಆ ನಶ್ಯಕ್ಕೆ ಸೀನುತ್ತ ಸೀನುತ್ತಲೇ ಮರದ ಕೆಳಗೇ ತಪಾಸಣೆ ಮುಗಿಸಿದ್ದರು. ಮಾವ ಅವನನ್ನು ಬೈಯಲಿಲ್ಲ, ಬೀಗದ ಕೈಯನ್ನೂ ವಾಪಸು ಕೇಳಲಿಲ್ಲ. ಆಮೇಲೆ ಅವನು ಎಂದೂ ತಡಮಾಡಲಿಲ್ಲ.

ಮನೆಯಲ್ಲಿ ನಾನಾದರೂ ಪಾರಾದೆನೇ? ದಿನಾ ಲಾಟೀನು ಒರೆಸುವುದು, ಭಾನುವಾರದ ಅಡುಗೆ ಎರಡೂ ನನ್ನ ಪಾಲಿಗೆ ಬಂದವು. ಮೊದಲ ಭಾನುವಾರವೇ ಸಾರಿಗೆ ಉಪ್ಪು ಮರೆತೆ. ಅತ್ತೆ ಉಪ್ಪಿನ ಜಾಡಿಗೆ ಕೈ ಚಾಚಿದರೆ ಮಾವ ತಡೆದರು. “ಸುಮ್ಕಿರು. ಉಣ್ಣಾಕೆ ಕೂತಾಗ ಅವಳಿಗೇ ಗೊತ್ತಾಗ್ತೈತೆ.” ನಾನು ಕೂರುವಷ್ಟರಲ್ಲಿ ಅವರು ಎರಡು ಮುದ್ದೆಯನ್ನು ಆ ಸಪ್ಪೆ ಸಾರಿನಲ್ಲೇ ನುಂಗಿದ್ದರು. ಅಂದಿನಿಂದ ಉಪ್ಪು ಮರೆತಿಲ್ಲ. ಎರಡೆರಡು ಸಲ ಹಾಕಿದ್ದುಂಟು.

ನನಗೆ ಹದಿನಾಲ್ಕು ತುಂಬಿದಾಗ ಅಪ್ಪ ಬಂದರು. ಚನ್ನಗಿರಿಯ ಅಡಿಕೆ ವ್ಯಾಪಾರದ ಮನೆಯಿಂದ ಸಂಬಂಧ ಬಂದಿತ್ತು. ಮಿಡ್ಲ್ ಸ್ಕೂಲಿನ ಕೊನೆಯ ಲೋವರ್ ಸೆಕೆಂಡರಿ ಪರೀಕ್ಷೆಗೆ ಮೊದಲೇ ಮದುವೆಯಾಗಬೇಕಂತೆ.

“ಮಾತು ಕೊಟ್ಟಂಗೇ ಆಗೈತೆ. ನೀವೇನಂತೀರಿ?” ಎಂದು ಮಾವನನ್ನು ಕೇಳಿದರು.

“ಬಾಳೋಳು ಅವಳು. ನನ್ನನ್ನ ಕೇಳಿದ್ರೆ ಹೆಂಗ್ರೀ?”

ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ. ಈ ಒಂದು ಮಾತನ್ನಾದರೂ ಮಾವನೇ ಆಡಬಾರದಿತ್ತೇ?

“ನಾನು ಪರೀಕ್ಷೆ ಬರೀತೀನಪ್ಪ,” ಎಂದೆ.

ಅಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಬರಿಯವ್ವ. ಆದ್ರೆ ಆ ಮನೇರಿಗೆ ಯಾರು ಹೇಳ್ತಾರೆ?”

“ನಾನು ಹೋಗ್ತೀನಿ ಬಿಡ್ರಿ,” ಎಂದರು ಮಾವ. ಅತ್ತೆ ಒಲೆ ಬಿಟ್ಟು ಹೊರಗೆ ಬಂದು ಅವರ ಮುಖ ನೋಡಿದರು.

ಮರುದಿನ, ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸಿನಲ್ಲಿ ಚನ್ನಗಿರಿಗೆ ಹೋದವರು ಸಂಜೆ ಮೈಯೆಲ್ಲ ಮಸಿ ಮಾಡಿಕೊಂಡು ಮರಳಿದರು. ಕಾಲಿಗೆ ನೀರು ಕೊಡುತ್ತ ಕೇಳಿದೆ, “ಏನಂದ್ರು ಮಾವ?”

“ಬೈದ್ರು.”

“ಬಾಳ ಬೈದ್ರಾ?”

“ಬೈಸ್ಕೊಳ್ಳೋದು ನನ್ನ ಕೆಲ್ಸ ಕಣವ್ವ. ನೀನು ಓದ್ಕೋ ಹೋಗು.”

ಎಂದವರು, ಲಾಟೀನಿನ ಗಾಜನ್ನು ತಾವೇ ಒರೆಸಿ, ದೀಪ ಹಚ್ಚಿ ನನ್ನ ಮುಂದಿಟ್ಟರು.