ಹತ್ತು ನಿಮಿಷ ಮುಂದಿದ್ದ ಅಪ್ಪನ ಗಡಿಯಾರ

ನನ್ನದು ಎಂಬ ವಸ್ತು ನನ್ನ ಬಳಿ ಒಂದೂ ಇಲ್ಲ. ಹಾಗಂತ ನಾನೇನು ಸನ್ಯಾಸಿಯಲ್ಲ. ಗೋಕಾಕದಲ್ಲಿ ಸ್ವಂತ ಮನೆ, ಸ್ಕೂಟರು, ಮೂಡಲಗಿಯ ಶಾಲೆಯಲ್ಲಿ ಪಾಠ ಹೇಳಿದ್ದಕ್ಕೆ ಬರುವ ಪಿಂಚಣಿ, ಎಲ್ಲ ಇವೆ. ಆದರೆ ಅವೆಲ್ಲ ದೇವರವು, ನಾನು ಬರೀ ನೋಡಿಕೊಳ್ಳುವವನು ಎಂದು ಅಪ್ಪ ಚಿಕ್ಕಂದಿನಲ್ಲೇ ತಲೆಗೆ ತುಂಬಿದ್ದ. “ತಮ್ಮಾ, ಈ ಮನ್ಯಾಗ ನಮ್ದು ಅನ್ನೂದು ಏನೂ ಇಲ್ಲ. ಎಲ್ಲಾ ಕರ್ತಂದು. ನಾವು ಕಾಯಾಕ ಇದ್ದೇವಿ ಅಷ್ಟ” ಅನ್ನುತ್ತಿದ್ದ. ನಾನು ಇದನ್ನು ಪೂರ್ತಿಯಾಗಿ ನಂಬುತ್ತೇನೆ, ಯಾರಾದರೂ ಬಂದು ಸ್ಕೂಟರು ಕೇಳುವ ತನಕ.

ಅಪ್ಪನಿಗೆ ಧುಪದಾಳದ ಒಡ್ಡಿನ ಮೇಲೆ ನೀರಿನ ಗೇಟು ಎತ್ತುವ, ಇಳಿಸುವ ಕೆಲಸ. ಪಗಾರ ಕೈಗೆ ಬಂದ ದಿನ ಹತ್ತರಲ್ಲಿ ಒಂದು ಪಾಲು ದೇವರಿಗೆಂದು ತೆಗೆದಿಟ್ಟ ಮೇಲೆಯೇ ಕಿರಾಣಿ ಅಂಗಡಿಯ ದಾರಿ ಹಿಡಿಯುತ್ತಿದ್ದ. ಹಿತ್ತಲಿನ ಮೊದಲ ಪಪ್ಪಾಯಿ, ಕೋಳಿಯ ಮೊದಲ ಮೊಟ್ಟೆ ಚರ್ಚಿಗೆ, ನಮಗೆ ಎರಡನೆಯದು. ಆ ಎರಡನೆಯ ಮೊಟ್ಟೆಗಾಗಿ ನಾನೂ ನನ್ನ ತಂಗಿಯೂ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೋಳಿಯನ್ನು ಬೇಡಿಕೊಂಡದ್ದು ಇನ್ನೂ ನೆನಪಿದೆ. ಅಷ್ಟು ಭಕ್ತಿಯಿಂದ ನಾನು ಆಮೇಲೆ ಯಾವತ್ತೂ ಪ್ರಾರ್ಥನೆ ಮಾಡಿಲ್ಲ.

ಮನೆಯಲ್ಲಿದ್ದ ಒಂದೇ ಬೆಲೆಬಾಳುವ ವಸ್ತು ಗೋಡೆ ಗಡಿಯಾರ. ವರ್ಗವಾಗಿ ಹೊರಟಿದ್ದ ಸಾಹೇಬರೊಬ್ಬರಿಂದ ಅಪ್ಪ ಕೊಂಡದ್ದು. ವಾರಕ್ಕೊಮ್ಮೆ ಚಾವಿ ಕೊಟ್ಟರೆ ಸಾಕು, ಎಂಟು ದಿನ ನಡೆಯುತ್ತಿತ್ತು. ಅಪ್ಪ ಅದನ್ನು ಬೇಕೆಂದೇ ಹತ್ತು ನಿಮಿಷ ಮುಂದೆ ಇಟ್ಟಿದ್ದ. ವೇಳೆಯಲ್ಲೂ ದೇವರಿಗೆ ಹತ್ತರಲ್ಲಿ ಒಂದು ಪಾಲು ಸಲ್ಲಬೇಕಂತೆ. ಗಂಟೆಗೆ ಆರೇ ನಿಮಿಷ ಆಗುತ್ತದಲ್ಲ ಎಂದು ನಾನು ಲೆಕ್ಕ ತೋರಿಸಿದರೆ, “ದೇವ್ರ ಕೂಡ ಚಿಲ್ಲರೆ ಲೆಕ್ಕ ಮಾಡಬ್ಯಾಡ” ಎಂದು ಗದರಿದ. ಆ ಹತ್ತು ನಿಮಿಷದ ದೆಸೆಯಿಂದ ನಾವು ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲೇ ಹೋಗಿ, ಬೀಗ ಹಾಕಿದ ಚರ್ಚಿನ ಮುಂದೆ ತಲೆ ಬಾಚಿಕೊಂಡು ನಿಂತಿರುತ್ತಿದ್ದೆವು.

ಅಪ್ಪ ಹೋದ ಮೇಲೆ ಗಡಿಯಾರ ನನ್ನ ಮನೆಗೆ ಬಂತು. ನನ್ನ ಹೆಂಡತಿ ಶಾಂತಾ ಹುಕ್ಕೇರಿಯವಳು, ಖಡಕ್ ಹೆಂಗಸು. ಅದು ಗಂಟೆ ಬಾರಿಸಿದಾಗಲೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದಳು. ಹೋದ ಸುಗ್ಗಿ ಹಬ್ಬದ ಹಿಂದಿನ ಭಾನುವಾರ ಪಾಸ್ಟರು ಪ್ರಸಂಗದಲ್ಲಿ, “ಮೊಟ್ಟಿ ಇಡೂದು ಬಿಟ್ಟ ಕೋಳಿ ದೇವರಿಗೆ ತರಬ್ಯಾಡ್ರಿ. ಜೀವಕ್ಕ ಹತ್ತಿದ್ದು ತರ್ರಿ” ಎಂದರು. ಶಾಂತಾ ಮೊಣಕೈಯಿಂದ ತಿವಿದು, “ಕೇಳಿದ್ರೇನ್ರಿ? ನಿಮ್ಮ ಜೀವಕ್ಕ ಹತ್ತಿದ್ದು ಗ್ವಾಡಿ ಮ್ಯಾಲ ಐತಿ” ಎಂದಳು. ಅಪ್ಪನ ಮಗನಾಗಿ ಇಲ್ಲ ಅನ್ನುವುದು ಹೇಗೆ?

ನಮ್ಮಲ್ಲಿ ಸುಗ್ಗಿ ಹಬ್ಬದ ಆರಾಧನೆ ಮುಗಿದ ಮೇಲೆ, ಜನ ತಂದ ಕಾಣಿಕೆಗಳನ್ನು ಅಂಗಳದಲ್ಲಿ ಲಿಲಾವು ಹಾಕುತ್ತಾರೆ, ಅಂದರೆ ಹರಾಜು. ಕಬ್ಬು, ಬೆಲ್ಲ, ಕುಂಬಳಕಾಯಿ, ಕೋಳಿಗಳ ನಡುವೆ ಅಪ್ಪನ ಗಡಿಯಾರ ಟಿಕ್‌ಟಿಕ್ ಅನ್ನುತ್ತ ಕೂತಿತ್ತು. ಕೊಟ್ಟದ್ದು ಕೊಟ್ಟಾಯಿತು, ದುಡ್ಡು ಕೊಟ್ಟು ನಾನೇ ತಿರುಗಿ ಕೊಂಡರೆ ದೇವರಿಗೂ ನಷ್ಟವಿಲ್ಲ, ನನಗೂ ಇಲ್ಲ ಎಂದು ಲೆಕ್ಕ ಹಾಕಿದೆ.

ಲಿಲಾವು ಕೂಗುವವರು ಕಲ್ಲೋಳಿಯ ಯೋಹಾನ ಕಾಕಾ. ನಾನು ಐನೂರು ಎಂದೆ. ಘೋಡಗೇರಿಯ ಕಬ್ಬಿನ ಗೌಡರೊಬ್ಬರು, ಹಬ್ಬಕ್ಕೆ ಅತಿಥಿಯಾಗಿ ಬಂದವರು, ಸಾವಿರ ಎಂದರು. ನಾನು ಎರಡು ಸಾವಿರ. ಮಾಸ್ತರು ದೇವರ ಕೆಲಸಕ್ಕಾಗಿ ಬೆಲೆ ಏರಿಸುತ್ತಿದ್ದಾರೆಂದು ಜನ ಚಪ್ಪಾಳೆ ಹೊಡೆದರು. ಗೌಡರಿಗೂ ಹುರುಪು ಬಂದು ಎರಡೂವರೆ ಎಂದರು. ನಾನು ಕಣ್ಣು ಮುಚ್ಚಿ ಮೂರು ಸಾವಿರ ಎಂದೆ. “ಒಂದ್ ಸರ್ತಿ, ಎರಡ್ ಸರ್ತಿ, ಮೂರ್ ಸರ್ತಿ!” ಗಡಿಯಾರ ನನ್ನದಾಯಿತು. ಎತ್ತಿಕೊಳ್ಳಲು ಎರಡು ಹೆಜ್ಜೆ ಮುಂದೆ ಇಟ್ಟೆ.

ಇಲ್ಲೇ ನಾನು ಕೆಟ್ಟದ್ದು. ಹಿರಿಯರು ಅನ್ನಿಸಿಕೊಂಡವರು ಲಿಲಾವಿನಲ್ಲಿ ಹಿಡಿದದ್ದನ್ನು ಮನೆಗೆ ಒಯ್ಯುವುದಿಲ್ಲ, ಅಲ್ಲೇ ದೇವರಿಗೆ ತಿರುಗಿ ಕೊಡುತ್ತಾರೆ. ಆ ರೂಢಿ ನನಗೆ ಮರೆತೇ ಹೋಗಿತ್ತು. ಯೋಹಾನ ಕಾಕಾ ಮರೆತಿರಲಿಲ್ಲ. “ಮಾಸ್ತರು ಮತ್ತ ದೇವ್ರಿಗೇ ಕೊಟ್ರು! ಕರ್ತನಿಗೆ ಸ್ತೋತ್ರ!” ಎಂದು ಕೂಗಿಯೇಬಿಟ್ಟರು. ಅಂಗಳದ ತುಂಬ ಚಪ್ಪಾಳೆ. ಪಾಸ್ಟರು ಬಂದು ಕೈ ಹಿಡಿದು, “ಇದನ್ನ ಚರ್ಚಿನ್ಯಾಗ ಹಾಕತೇವ್ರಿ” ಎಂದರು. ನಾನು ನಕ್ಕೆ. ಮನೆಗೆ ಬಂದು ಗೋಡೆಯ ಮೇಲೆ ಉಳಿದಿದ್ದ ಬಿಳಿ ಗುರುತು ನೋಡಿದಾಗ ಮಾತ್ರ ಅಳು ತಡೆಯಲಾಗಲಿಲ್ಲ. ಶಾಂತಾ ಚಹಾ ತಂದಿಟ್ಟಳು. ರಾತ್ರಿ ಊಟಕ್ಕೆ ಕೂತಾಗ, “ಟೈಮ್ ಎಷ್ಟಾತೋ ಗೊತ್ತ ಆಗವಲ್ತು ನೋಡ್ರಿ” ಎಂದು ಅವಳೇ ಗೊಣಗಿದಳು.

ಈಗ ಗಡಿಯಾರ ಚರ್ಚಿನಲ್ಲಿ, ಪಾಸ್ಟರ ಎದುರಿನ ಗೋಡೆಯ ಮೇಲಿದೆ. ಇನ್ನೂ ಹತ್ತು ನಿಮಿಷ ಮುಂದೆಯೇ. ಆರಾಧನೆ ಶುರುವಾಗುವುದು ಪಾಸ್ಟರ ಮೊಬೈಲ್ ನೋಡಿ, ಮುಗಿಯುವುದು ಅಪ್ಪನ ಗಡಿಯಾರ ನೋಡಿ. ಪ್ರಸಂಗ ಹತ್ತು ನಿಮಿಷ ಕಡಿಮೆಯಾದದ್ದಕ್ಕೆ ಜನರ ಮುಖದಲ್ಲಿ ಎಂಥ ಕಳೆ! ಕಾರಣ ನನಗೂ ಶಾಂತಾಳಿಗೂ ಮಾತ್ರ ಗೊತ್ತು.

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಕಾಣಿಕೆ ಒಯ್ದ ದಿನ ನಾನು ಅದರ ಚಾವಿ ಒಯ್ದಿರಲಿಲ್ಲ. ಬೇರೆ ಯಾರಾದರೂ ಹಿಡಿದರೆ ಎಂಟು ದಿನಕ್ಕೆ ನಿಂತುಹೋಗಲಿ, ಕೆಟ್ಟಿದೆ ಎಂದು ತಿರುಗಿ ತಂದುಕೊಡಲಿ ಎಂಬ ದುರಾಸೆ. ಎಂಟನೆಯ ದಿನ ಪಾಸ್ಟರು ಫೋನು ಮಾಡಿದರು: “ಮಾಸ್ತರ, ನಿಮ್ಮ ಗಡ್ಯಾರ ನಿಂತೈತ್ರಿ.” ನಿಮ್ಮ ಎಂದದ್ದೇ ತಡ, ಓಡಿಹೋಗಿ ಚಾವಿ ಕೊಟ್ಟು, ಮುಳ್ಳನ್ನು ಮತ್ತೆ ಹತ್ತು ನಿಮಿಷ ಮುಂದೆಯೇ ಇಟ್ಟೆ. ಅಂದಿನಿಂದ ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲೇ ಹೋಗಿ, ಸ್ಟೂಲು ಹತ್ತಿ ಚಾವಿ ಕೊಟ್ಟು, ಅಪ್ಪನ ಟಿಕ್‌ಟಿಕ್ ಕೇಳುತ್ತ ಕೂರುತ್ತೇನೆ. “ಚಾವಿ ಇಲ್ಲೇ ಇಟ್ಟ ಹೋಗ್ರಿ, ನಾವ ಕೊಡತೇವಿ” ಎಂದು ಪಾಸ್ಟರು ಎಷ್ಟು ಸಲ ಹೇಳಿದರೂ, “ನಿಮಗ್ಯಾಕ್ರಿ ತ್ರಾಸ” ಎಂದು ಜಾರಿಕೊಳ್ಳುತ್ತೇನೆ. ಅವರಿಗೆ ನನ್ನ ಸೇವಾಭಾವ ಬಲು ಮೆಚ್ಚುಗೆ. ಹೋದ ವಾರ ಪ್ರಸಂಗದಲ್ಲಿ ನನ್ನ ಕಡೆ ಕೈ ತೋರಿಸಿಯೇ ಹೇಳಿದರು: “ಕೊಟ್ರ ಮಾಸ್ತರಂಗ ಕೊಡಬೇಕ್ರಿ, ಹಿಂದ ಏನೂ ಇಟ್ಕೋಬಾರ್ದು.” ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವನು ನಾನೇ. ಆಗ ನನ್ನ ಬಲಗೈ ಜೇಬಿನಲ್ಲಿ ಚಾವಿ ಹಿಡಿದಿತ್ತು.