ಧೂಳಿನ ಸಾಹೇಬರ ಬಿಳಿ ಧೋತರ

ನಮ್ಮ ಕಾಕಾ ಈ ಜಗತ್ತಿನಲ್ಲಿ ಪೂರ್ತಿಯಾಗಿ ನಂಬುವುದು ಒಂದನ್ನೇ. ಅದು ಒಗೆದು ಒಣಹಾಕಿದ ಬಿಳಿ ಧೋತರ. "ಹಂಗಾರ ಚಿಗವ್ವನ್ನ ನಂಬಂಗಿಲ್ಲೇನು?" ಎಂದು ನಾನು ಒಮ್ಮೆ ಕೆಣಕಿದ್ದೆ. "ನಂಬತೀನಪಾ. ಆದ್ರ ಮನಶ್ಯಾ ಅಂದ ಮ್ಯಾಲೆ ಸುಳ್ಳು ಹೇಳಬಹುದು. ಧೋತರ ಹೇಳಂಗಿಲ್ಲ" ಎಂದರು. ಇದನ್ನು ಅವರು ತಮ್ಮ ಹೆಂಡತಿ, ಅಂದರೆ ನಮ್ಮ ಚಿಗವ್ವನ ಎದುರಿಗೇ ಹೇಳಿದರು, ಹೇಳಿದ ಮೇಲೆ ಅವಳು ಬಡಿದ ರೊಟ್ಟಿಗಾಗಿ ತಾಟು ಮುಂದೆ ಎಳೆದುಕೊಂಡು ಕೂತರು. ಎಂಥ ಎದೆಗಾರಿಕೆ ನೋಡಿ!

ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಬಸ್ಸಿನಲ್ಲಿ ಹೋದವರಿಗೆ ರಸ್ತೆಯ ಆಚೀಚೆ ಕಬ್ಬಿಣದ ಕಾರ್ಖಾನೆಗಳ ಚಿಮಣಿಗಳು ಕಂಡಿರುತ್ತವೆ. ಅಂಥ ಒಂದು ಕಾರ್ಖಾನೆಯಲ್ಲಿ ನಮ್ಮ ಕಾಕಾ ಪರಿಸರ ವಿಭಾಗದ ಮುಖ್ಯಸ್ಥರು. ಚಿಮಣಿಯ ಹೊಗೆ, ಹಾರುವ ಧೂಳು, ಬಳಸಿ ಬಿಟ್ಟ ನೀರು, ಸುತ್ತ ಬೆಳೆಸಬೇಕಾದ ಗಿಡಮರ, ಎಲ್ಲದರ ಉಸ್ತುವಾರಿ ಅವರದು. ಕಾರ್ಖಾನೆಯೊಳಗೆ ಅವರನ್ನು ಪರಿಸರ ಸಾಹೇಬರು ಎನ್ನುತ್ತಾರೆ. ಹೊರಗಿನ ಹಳ್ಳಿಯವರು ಅಷ್ಟು ದೂರ ಸುತ್ತಿ ಬರುವುದಿಲ್ಲ, ನೇರವಾಗಿ ಧೂಳಿನ ಸಾಹೇಬರು ಎಂದುಬಿಡುತ್ತಾರೆ. ಕಾಕಾನಿಗೆ ಎರಡನೆಯ ಹೆಸರೇ ಹೆಚ್ಚು ಪ್ರೀತಿ.

ಕೆಲಸಕ್ಕೆ ಸೇರಿದಾಗ ಕಂಪನಿಯವರು ಕೊಪ್ಪಳದಲ್ಲಿ ಒಳ್ಳೆಯ ಕ್ವಾರ್ಟರ್ಸ್ ಕೊಟ್ಟಿದ್ದರು. ನಲ್ಲಿಯಲ್ಲಿ ನೀರು, ಮುಂದೆ ಅಂಗಳ, ಹತ್ತಿರವೇ ಪೇಟೆ. ಬೇರೆ ಯಾರಾದರೂ ಆಗಿದ್ದರೆ ಕಣ್ಣಿಗೊತ್ತಿಕೊಂಡು ಬೀಗದ ಕೈ ಇಸಿದುಕೊಳ್ಳುತ್ತಿದ್ದರು. ನಮ್ಮ ಕಾಕಾ ಗಾಳಿ ಯಾವ ಕಡೆ ಬೀಸುತ್ತದೆ ಎಂದು ತಿಂಗಳುಗಟ್ಟಲೆ ನೋಡಿ, ಕಾರ್ಖಾನೆಯ ಧೂಳೆಲ್ಲ ಯಾವ ಹಳ್ಳಿಯ ಮೇಲೆ ಬೀಳುತ್ತದೋ ಅದೇ ಹಳ್ಳಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದರು.

"ಧೂಳಿನ ಜವಾಬ್ದಾರಿ ಹೊತ್ತಾಂವ ಧೂಳಿನ ಕೆಳಗ ಇರಬೇಕು" ಎಂಬುದು ಅವರ ವಾದ.

"ಹಂಗಾರ ಜೈಲಿನ ಸಾಹೇಬ್ರು ಜೈಲಿನಾಗ ಇರಬೇಕೇನ್ರಿ?" ಎಂದು ಚಿಗವ್ವ ಕೇಳಿದಳು.

"ಮತ್ತ? ಅವ್ರ ಕ್ವಾರ್ಟರ್ಸ್ ನೋಡೀಯೇನು? ಜೈಲಿನ ಗ್ವಾಡಿಗೆ ಹಚ್ಚಿನ ಕಟ್ಟಿರತಾರ."

ಚಿಗವ್ವ ಗಂಟುಮೂಟೆ ಕಟ್ಟಿದಳು.

ಆ ಮನೆಯ ಮಾಳಿಗೆಯ ಮೇಲೆ ಧೋತರದ ಕಾರಭಾರು ಶುರುವಾಯಿತು. ದಿನವೂ ಸಂಜೆ ಒಂದು ತೊಳೆದ ಬಿಳಿ ಧೋತರ ಹಗ್ಗದ ಮೇಲೆ ಏರುತ್ತದೆ. ಮರುದಿನ ಬೆಳಿಗ್ಗೆ ಕಾಕಾ ಚಹಾಕ್ಕಿಂತ ಮೊದಲು ಮೇಲೆ ಹೋಗಿ, ಬೆರಳಿನಿಂದ ಅದರ ಮೇಲೊಂದು ಗೆರೆ ಎಳೆಯುತ್ತಾರೆ. ಗೆರೆ ಎದ್ದು ಕಂಡರೆ ಕಾರ್ಖಾನೆಗೆ ಫೋನು ಹೋಗುತ್ತದೆ. "ಧೂಳು ಹಿಡಿಯೋ ಮಶೀನ್ ಚಾಲೂ ಐತೋ, ಬಂದ್ ಮಾಡೀರೋ?" ಆ ಕಡೆಯವರು, ಗಾಳಿ ಅಳೆಯುವ ಯಂತ್ರದಲ್ಲಿ ಎಲ್ಲ ಸರಿಯಾಗಿಯೇ ತೋರಿಸುತ್ತಿದೆ ಎನ್ನುತ್ತಾರೆ. "ನಿಮ್ಮ ಯಂತ್ರ ಗೇಟಿನ ಒಳಗ ಐತಿ, ನನ್ನ ಧೋತರ ಹೊರಗ ಐತಿ" ಎಂದು ಕಾಕಾ ಫೋನು ಇಡುತ್ತಾರೆ. ಆಮೇಲೇ ಚಹಾ.

ಕಾರ್ಖಾನೆಗೆ ಹೇಳುವುದನ್ನು ಮೊದಲು ಮನೆಯಲ್ಲಿ ಮಾಡಿ ತೋರಿಸಬೇಕು ಎಂಬುದು ಅವರ ಇನ್ನೊಂದು ಹುಚ್ಚು. ಕಾರ್ಖಾನೆ ದೊಡ್ಡದಾಗುವ ಮುಂಚೆ ಸುತ್ತಲಿನ ಜನರನ್ನು ಕೂಡಿಸಿ ಅಹವಾಲು ಕೇಳಬೇಕೆಂಬ ನಿಯಮವಿದೆಯಲ್ಲ, ಅದನ್ನು ನಮ್ಮ ಕಾಕಾ ಮೆಣಸಿನಕಾಯಿ ಹುರಿಯುವುದಕ್ಕೂ ತಂದರು! ವರ್ಷದ ಖಾರಪುಡಿ ಮಾಡುವ ಹಿಂದಿನ ದಿನ ಓಣಿಯ ಮನೆ ಮನೆಗೆ ಹೋಗಿ, "ನಾಳೆ ನಮ್ಮ ಮನಿಯಾಗ ಮೆಣಸಿನಕಾಯಿ ಹುರಿಯೋರದಾರ. ಘಾಟು ಬರತೈತಿ. ನಿಮ್ಮದೇನರ ತಕರಾರು ಐತೇನ್ರಿ?" ಎಂದು ಕೇಳಿ ಬಂದರು. ಮೊದಲ ವರ್ಷ ಜನ ಗಾಬರಿಯಾಗಿ ಏನೂ ಇಲ್ಲ ಎಂದರು. ಪಕ್ಕದ ಮನೆಯ ಮುದುಕಿಯೊಬ್ಬಳು ಮಾತ್ರ, "ನನಗ ಭಾಳ ಸೀನು ಬರತಾವಪಾ. ಪುಡಿ ಆದ ಮ್ಯಾಲೆ ಒಂದು ಬಟ್ಟಲ ಕಳಿಸಿಬಿಡು, ತಡಕೋತೀನಿ" ಎಂದಳು. ಕಾಕಾ ನ್ಯಾಯವಾದ ಬೇಡಿಕೆ ಎಂದು ಒಪ್ಪಿ ಬಟ್ಟಲು ಕಳಿಸಿದರು. ಮರುವರ್ಷ ಓಣಿಯಲ್ಲಿ ತಕರಾರು ಇಲ್ಲದ ಮನೆಯೇ ಇರಲಿಲ್ಲ. ಚಿಗವ್ವನ ಖಾರಪುಡಿಯಲ್ಲಿ ಅರ್ಧ ಪರಿಹಾರಕ್ಕೇ ಹೋಯಿತು.

ನೀರಿನದು ಇನ್ನೂ ಮಜಾ. ಆ ಮನೆಯೊಳಗೆ ಬಂದ ನೀರು ಮೋರಿಗೆ ಹೋಗುವಂತಿಲ್ಲ. ಅಕ್ಕಿ ತೊಳೆದದ್ದು ಕರಿಬೇವಿಗೆ, ಜಳಕದ್ದು ಪೇರಲಕ್ಕೆ. ಬಂದ ನೆಂಟರೂ ಕಾಕಾ ತೋರಿಸಿದ ಗಿಡದ ಬುಡದಲ್ಲೇ ಕೈ ತೊಳೆಯಬೇಕು. ಅವರ ಮಗಳನ್ನು ನೋಡಲು ಕುಷ್ಟಗಿಯಿಂದ ಬೀಗರು ಬಂದಾಗ ಉಂಡೆದ್ದು ನಿಂಬೆಗಿಡದ ಕಡೆ ನಡೆದವರನ್ನು ಕಾಕಾ ತಡೆದು, "ಅದಕ್ಕ ಮುಂಜಾನಿ ಆಗೇತ್ರಿ. ನೀವು ದಾಳಿಂಬ್ರಿಗೆ ಬರ್ರಿ" ಎಂದರು. ಚಿಗವ್ವ ಅಡುಗೆಮನೆಯಲ್ಲಿ ಹಣೆ ಹಣೆ ಬಡಿದುಕೊಂಡಳು. ಆದರೆ ಹುಡುಗನ ತಂದೆ ತಾವೇ ದಾಳಿಂಬೆ ಬೆಳೆಯುವವರು. ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತು ಎಲೆ ತಿರುವಿ, ಕಾಯಿ ಹಿಸುಕಿ, ಇಂಥ ಧೂಳಿನಲ್ಲಿ ಗಿಡ ಹೀಗೆ ಸಾಕಿದವರು ಮಗಳನ್ನು ಹೇಗೆ ಸಾಕಿರಬೇಡ ಎಂದರಂತೆ. ಹುಡುಗಿಯನ್ನು ನೋಡಲು ಬಂದವರು ಗಿಡ ನೋಡಿ ಸಂಬಂಧ ಒಪ್ಪಿದ್ದು ನಮ್ಮ ಮನೆತನದಲ್ಲಿ ಅದೇ ಮೊದಲು!

ಹಾಗೆಂದು ಕಾಕಾ ಕಂಡಕಂಡಲ್ಲಿ ಗಿಡ ನೆಡುವವರೆಂದು ತಿಳಿಯಬೇಡಿ. ಒಮ್ಮೆ ಕಂಪನಿಯವರು ಹುಲಿಹೈದರದ ಕಡೆಯ ಬಯಲಿನಲ್ಲಿ ಸಸಿ ನೆಟ್ಟು ಫೋಟೋ ಹೊಡೆಸಿಕೊಳ್ಳಬೇಕೆಂದು ಹೊರಟರು. ಹುಲ್ಲು, ಕುರುಚಲು, ಕಲ್ಲು ಬಿಟ್ಟರೆ ಏನೂ ಇಲ್ಲದ ಬಯಲು, ಅಲ್ಲಿ ತೋಳಗಳಿವೆ. ಕಾಕಾ ಸಸಿಗಳ ಲಾರಿಗೆ ಅಡ್ಡ ನಿಂತರು. "ತೋಳಕ್ಕ ಓಡಾಕ ಬಯಲು ಬೇಕ್ರಿ, ನೆರಳು ಬೇಕಂತ ನಿಮಗ್ಯಾರು ಹೇಳಿದ್ರು? ಖಾಲಿ ಕಾಣೋದೆಲ್ಲಾ ಖಾಲಿ ಅಲ್ರಿ, ಅದೂ ಒಂದ್ ನಮೂನಿ ಕಾಡು" ಎಂದು ಲಾರಿಯನ್ನು ತಿರುಗಿಸಿಕೊಂಡು ಬಂದು, ಸಸಿಗಳನ್ನೆಲ್ಲ ತಮ್ಮ ಹಳ್ಳಿಗೂ ಕಾರ್ಖಾನೆಗೂ ನಡುವಿನ ರಸ್ತೆಗೆ ನೆಡಿಸಿದರು. ಪರಿಸರ ಸಾಹೇಬರೇ ಗಿಡ ನೆಡಬೇಡಿ ಎಂದರೆಂದು ಊರೆಲ್ಲ ಗುಲ್ಲಾಯಿತು. ಕಾಕಾ ತಲೆ ಕೆಡಿಸಿಕೊಳ್ಳಲಿಲ್ಲ.

ಈ ನಡುವೆ ಧೋತರ ಮಾತ್ರ ದಿನದಿನಕ್ಕೆ ಕಪ್ಪಾಗುತ್ತಿತ್ತು. ಅದಿರು ಸಾಗಿಸುವ ಉದ್ದನೆಯ ಬೆಲ್ಟಿಗೆ ಮೇಲೆ ಮುಚ್ಚಿಗೆ ಹಾಕಿಸಿ ಎಂದು ಕಾಕಾ ಕೇಳುತ್ತಲೇ ಇದ್ದರು, ನೋಡೋಣ ಎಂಬ ಉತ್ತರ ಬರುತ್ತಲೇ ಇತ್ತು. ಕೊನೆಗೆ ಕಾಕಾ ಜಗಳ ಬಿಟ್ಟು ದೊಡ್ಡ ಮ್ಯಾನೇಜರನ್ನು ಊಟಕ್ಕೆ ಕರೆದರು. ಮೈಸೂರು ಕಡೆಯ ಸಜ್ಜನ, ಖುಷಿಯಿಂದ ಬಂದರು. ಗಾಳಿ ಚೆನ್ನಾಗಿ ಬರುತ್ತದೆ ಎಂದು ಎಲೆ ಹಾಕಿದ್ದು ಮಾಳಿಗೆಯ ಮೇಲೆ. ರೊಟ್ಟಿ, ಎಣ್ಣೆಗಾಯಿ ಎಲ್ಲ ಮುಗಿದು ಮೊಸರನ್ನ ಬಂತು. ಕಾಕಾ ಬೇಕೆಂದೇ ಏನೇನೋ ಮಾತು ತೆಗೆದು ಸ್ವಲ್ಪ ಹೊತ್ತು ಕಳೆದರು.

ಮ್ಯಾನೇಜರು ಎಲೆ ನೋಡಿಕೊಂಡು, "ಒಗ್ಗರಣೆಗೆ ಸಾಸಿವೆ ಸ್ವಲ್ಪ ಜಾಸ್ತಿ ಆಯಿತೇನೋ ಅಲ್ವಾ?" ಎಂದರು.

"ಒಗ್ಗರಣಿ ಹಾಕಿಲ್ರಿ ಸರ್" ಎಂದರು ಕಾಕಾ ತಣ್ಣಗೆ. "ಅದು ನಮ್ಮ ಕಾರ್ಖಾನಿ ಮಾಲು."

ಆ ದೊಡ್ಡ ಮನುಷ್ಯರು ಸಿಟ್ಟಾಗಲಿಲ್ಲ. ಆ ಮೊಸರನ್ನವನ್ನು ಬಿಡಲೂ ಆಗದೆ ಉಣ್ಣಲೂ ಆಗದೆ ಬಹಳ ಹೊತ್ತು ಕೂತರಂತೆ. ಕೆಲವೇ ವಾರಗಳಲ್ಲಿ ಬೆಲ್ಟಿಗೆ ತಗಡಿನ ಮುಚ್ಚಿಗೆ ಬಂತು. ಲಾರಿಗಳ ಮೇಲೆ ತಾಡಪತ್ರಿ, ರಸ್ತೆಗೆ ನೀರಿನ ಟ್ಯಾಂಕರು ಬಂದವು. ಧೋತರ ಕಪ್ಪಿನಿಂದ ಬೂದಿ ಬಣ್ಣಕ್ಕೆ ಇಳಿಯಿತು. ಬಿಳಿ ಆಗಲಿಲ್ಲ ಎನ್ನಿ, ಆದರೆ ಕಾಕಾನ ಮುಖದಲ್ಲಿ ಬೆಳಕು ಬಂತು.

ಅಷ್ಟರಲ್ಲಿ ಚಿಗವ್ವನಿಗೆ ಕೆಮ್ಮು ಹತ್ತಿತು. ಕೊಪ್ಪಳದ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಈ ಧೂಳು ಬಿಟ್ಟು ಹೊರಗೆ ಹೋಗಿ ಎಂದು ಖಡಾಖಂಡಿತವಾಗಿ ಹೇಳಿದರು. ಯಲಬುರ್ಗಾದಲ್ಲಿ ಮಾಸ್ತರಿಕೆ ಮಾಡುವ ನಾನು, ಕುಷ್ಟಗಿಯಿಂದ ಬಂದ ಮಗಳು, ಇಬ್ಬರೂ ಕೂತು ಕಾಕಾನ ಬೆನ್ನು ಹತ್ತಿದೆವು.

"ಥಂಡಿ ದಿನ ಮುಗಿಯೂತನಕ ನೋಡೋಣು. ಈಕಿ ಕೆಮ್ಮು ಕಡಿಮಿ ಆಗ್ಲಿಲ್ಲಂದ್ರ ನೌಕರಿಗೆ ರಾಜೀನಾಮಿ ಕೊಡತೀನಿ. ಗಂಗಾವತಿಗೆ ಹೋಗಿ ಈಕಿ ಅಣ್ಣನ ನೆಲ್ಲಿನ ಗದ್ದಿ ಕಾಯ್ಕೋತ ಕೂಡತೀನಿ" ಎಂದರು ಕಾಕಾ.

ಕೆಮ್ಮು ಕಡಿಮೆಯಾಯಿತು! ಒಂದೇ ತಿಂಗಳಲ್ಲಿ ಮನೆಯೊಳಗೆ ಕೆಮ್ಮಿನ ಸದ್ದೇ ಇಲ್ಲ. ಬೆಲ್ಟಿನ ಮುಚ್ಚಿಗೆಯ ಮಹಿಮೆ ಎಂದು ಕಾಕಾ ಕಾರ್ಖಾನೆಗೆಲ್ಲ ಪೇಡೆ ಹಂಚಿದರು. ನನಗೂ ಒಂದು ಪೊಟ್ಟಣ ಬಂತು. ತಿಂದು, ಪುಣ್ಯಾತ್ಮ ಗೆದ್ದನಲ್ಲ ಎಂದುಕೊಂಡೆ.

ಆ ಚಳಿಗಾಲದ ಒಂದು ರವಿವಾರ ನಾನು ಅಲ್ಲಿದ್ದೆ. ಬೆಳಿಗ್ಗೆ ಎದ್ದು ಮಾಳಿಗೆಗೆ ಹೋದರೆ ನೀರಿನ ಟಾಕಿಯ ಹಿಂದೆ ಚಿಗವ್ವ ಕೂತಿದ್ದಳು. ಸೆರಗನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ನನ್ನನ್ನು ನೋಡಿ ಸುಮ್ಮನಿರು ಎಂದು ಕೈ ಮಾಡಿದಳು.

"ಚಿಗವ್ವ, ಕೆಮ್ಮು ಹೋಗೇತಿ ಅಂದಿದ್ದಿ?"

"ಸಾವಕಾಶ ಮಾತಾಡು, ಕೆಳಗ ಅದಾರ" ಎಂದು ಅವಳು ಉಸಿರು ಹಿಡಿದುಕೊಂಡಳು. "ನನಗ ಗಂಗಾವತಿ ಐತಿ, ತವರುಮನಿ ಐತಿ. ಈ ಊರ ಮಂದಿಗೆ ಏನೈತಿ? ಇವ್ರು ನೌಕರಿ ಬಿಟ್ರ ಇವ್ರ ಜಾಗಾಕ್ಕ ಬರೋ ಸಾಹೇಬ್ರು ಕೊಪ್ಪಳದಾಗ ಮನಿ ಮಾಡತಾರ. ಆಮ್ಯಾಲೆ ಇಲ್ಲಿ ಧೂಳು ಬಿತ್ತೋ ಬಿಡ್ತೋ ಯಾರಿಗೆ ಗೊತ್ತಾಗಬೇಕು? ಬಾಜೂ ಮನಿ ಮುದುಕಿ ಮೊಮ್ಮಕ್ಕಳೂ ಕೆಮ್ಮತಾವು, ಕೇಳೀಯೇನು ನೀ?"

ಇಷ್ಟು ವರ್ಷ ಕಾಕಾನ ಹುಚ್ಚನ್ನು ಬೈದುಕೊಂಡು ಬಾಳಿದವಳು ಎಂದು ನಾನು ತಿಳಿದಿದ್ದವಳು ಇವಳೇ. ಅವಳಿಗೆ ಕುಡಿಯಲು ನೀರು ತರೋಣವೆಂದು ತಿರುಗಿದರೆ ಮೆಟ್ಟಿಲ ಬಾಯಲ್ಲಿ ಕಾಕಾ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವತ್ತು ಅವರು ಹಗ್ಗದ ಕಡೆ ನೋಡಲಿಲ್ಲ. ಬಂದು ಚಿಗವ್ವನ ಪಕ್ಕ ನೆಲದ ಮೇಲೆ ಕೂತರು.

"ಇಡೀ ಊರಿನ ಧೂಳು ನೋಡಿದೆ. ನಿನ್ನ ಕೆಮ್ಮು ಕೇಳಿಸ್ಲೇ ಇಲ್ಲ ನನಗ" ಎಂದರು.

"ನಾ ಕೇಳಿಸಗೊಟ್ಟಿದ್ರಲ್ರೀ" ಎಂದಳು ಚಿಗವ್ವ.

ಅಂದು ಇಬ್ಬರಿಗೂ ದೊಡ್ಡ ವಾದವಾಯಿತು. ಕಾಕಾ ರಾಜೀನಾಮೆ ಕೊಡುತ್ತೇನೆಂದು ಹಟ ಹಿಡಿದರು, ಚಿಗವ್ವ ಕೊಟ್ಟರೆ ನೀರೂ ಮುಟ್ಟುವುದಿಲ್ಲ ಎಂದಳು. ಕೊನೆಗೆ ಗೆದ್ದವಳು ಚಿಗವ್ವ. ಅವಳು ಗಂಗಾವತಿಗೆ ಅಣ್ಣನ ಮನೆಗೆ ಹೋಗುವುದು, ಕಾಕಾ ನಿವೃತ್ತಿಯವರೆಗೆ ಹಳ್ಳಿಯಲ್ಲೇ ಇರುವುದು ಎಂದಾಯಿತು. ನಾನೇ ಕಾರು ಮಾಡಿ ಅವಳನ್ನು ಬಿಟ್ಟು ಬಂದೆ. ಮದುವೆಯಾದಾಗಿನಿಂದ ಒಂದು ವಾರವೂ ಅಗಲಿರದ ಜೋಡಿ ಅದು.

ಕಳೆದ ತಿಂಗಳು ಕಾಕಾನ ಮನೆಗೆ ಹೋಗಿದ್ದೆ. ಸಂಜೆಯ ಹೊತ್ತು. ದಪ್ಪನೆಯ, ಸೀದ ರೊಟ್ಟಿಯೊಂದನ್ನು ನನ್ನ ಮುಂದಿಟ್ಟು ಗಂಗಾವತಿಗೆ ಫೋನು ಹಚ್ಚಿದರು.

"ಕೆಮ್ಮು ನೋಡೋಣ" ಎಂದರು ಫೋನಿನಲ್ಲಿ.

"ಬರವಲ್ದು ಅಂದ್ರ ಹೆಂಗ ಕೆಮ್ಮಲ್ರಿ?" ಎಂದು ಚಿಗವ್ವ ಆ ಕಡೆಯಿಂದ ನಕ್ಕದ್ದು ನನಗೂ ಕೇಳಿಸಿತು.

"ನೀ ಮತ್ತ ಮುಚ್ಚಿಡಾಕತ್ತಿ. ಫೋನ್ ಇಡಬ್ಯಾಡ. ಬಾಜೂಕ ಇಟ್ಕೊಂಡು ನಿನ್ನ ಕೆಲ್ಸ ಮಾಡು."

ಅವಳು ಹಾಗೇ ಮಾಡಿದಳೆಂದು ಕಾಣುತ್ತದೆ. ಕಾಕಾ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಗೋಡೆಗೆ ಒರಗಿ ಕೂತರು. ನಾನು ರೊಟ್ಟಿ ಮುಗಿಸಿದೆ, ಕೈ ತೊಳೆದು ಬಂದೆ, ಆಗಲೂ ಹಾಗೇ ಕೂತಿದ್ದರು.

"ಏನಂತಾಳ ಕಾಕಾ, ಚಿಗವ್ವ?" ಎಂದು ಮೆಲ್ಲಗೆ ಕೇಳಿದೆ.

ಕಾಕಾ ಕಣ್ಣು ತೆರೆಯಲಿಲ್ಲ. "ಏನೂ ಇಲ್ಲಪಾ" ಎಂದರು. "ಉಸಿರಾಡಾಕತ್ಯಾಳ."