ಕಾರ್ ಕೀಗೆ ಎಣ್ಣೆಸ್ನಾನ

ಬಿಳಿಗೆರೆಯ ರೇವಣಸಿದ್ದಯ್ಯನವರು ಕಾರಿನ ಕೀಯನ್ನು ಜಗಲಿಯ ಮೇಲೆ ಬಿಚ್ಚಿಕೊಂಡು ಕೂತಾಗ ಅವರ ಮುಖದಲ್ಲಿ ಹೃದಯದ ಆಪರೇಷನ್ನಿಗೆ ಹೊರಟ ಡಾಕ್ಟರ ಕಳೆ ಇತ್ತು.

"ಬೋರ್‌ವೆಲ್ ಮೋಟ್ರನ್ನೇ ಬಿಚ್ಚಿ ಕಟ್ಟಿರೋ ಕೈ ಕಣೇ ಇದು. ಈ ಚೋಟುದ್ದದ ಕೀಗೆ ಶೋರೂಮಿಗೆ ಹೋಗ್ಬೇಕಾ? ಇನ್ಮೇಲೆ ಈ ಮನೇಲಿ ಯಾವ ರಿಪೇರಿಗೂ ಹೊರಗಿನೋರು ಬರಕೂಡ್ದು."

ಪಕ್ಕದಲ್ಲಿ ಹುರುಳಿ ಹಸನು ಮಾಡುತ್ತಿದ್ದ ಸುವರ್ಣಮ್ಮ ಮೊರದಿಂದ ಕಣ್ಣೆತ್ತಲಿಲ್ಲ. "ಮೋಟ್ರು ಕಟ್ಟಿದ್ಮೇಲೆ ಒಂದಷ್ಟು ನಟ್ಟು ಉಳ್ಕಂಡಿದ್ವಲ್ಲ, ಇನ್ನೂ ಗೂಡಲ್ಲೇ ಅವೆ."

"ಅವು ಕಂಪ್ನಿಯೋರು ಜಾಸ್ತಿ ಹಾಕಿದ್ವು."

ಕಾರು ಇವರ ಮನೆಗೆ ಬಂದದ್ದು ಸೆಕೆಂಡ್ ಹ್ಯಾಂಡ್ ಆಗಿ. ಜೊತೆಗೆ ಬಂದದ್ದು ಒಂದೇ ಕೀ. ಅದನ್ನು ಎಲ್ಲೂ ತೂರಿಸಿ ತಿರುಗಿಸುವ ಗೋಜಿಲ್ಲ. ಕೀ ಕಾರಿನೊಳಗಿದ್ದರೆ ಸಾಕು, ಕಾರಿನ ಗುಂಡಿ ಒತ್ತಿದರೆ ಎಂಜಿನ್ ಏಳುತ್ತದೆ. ಕೀಯೊಳಗಿನ ಬಿಲ್ಲೆಯಂಥ ಸೆಲ್ಲು ಸತ್ತರೆ ಮಾತ್ರ ಕಾರು ಅಂಗಳದಲ್ಲಿ ಬಿದ್ದ ಬಂಡೆ. ಸೆಲ್ಲಿನ ಶಕ್ತಿ ಕುಂದಿತ್ತು, ಕೀಯ ಗುಂಡಿಯೂ ಬಿಗಿಯಾಗಿತ್ತು. ಅದಕ್ಕೇ ಈ ಆಪರೇಷನ್ನು.

ಇದಕ್ಕೆ ಮುಹೂರ್ತದ ಗಡುವೂ ಇತ್ತು. ಸುವರ್ಣಮ್ಮನವರ ತಮ್ಮ ಮಲ್ಲೇಶ್ ಕೆಂಕೆರೆಯಲ್ಲಿ ಹೊಸ ಮನೆ ಕಟ್ಟಿದ್ದ. ಧನುರ್ಮಾಸ ಹುಟ್ಟುವುದರೊಳಗೆ ಗೃಹಪ್ರವೇಶ ಆಗಿಬಿಡಲೆಂದು ಸೂರ್ಯ ಹುಟ್ಟುವ ಹೊತ್ತಿನ ಲಗ್ನ ಹಿಡಿದಿದ್ದರು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದ್ದು ಈ ಅಕ್ಕ. "ಅಕ್ಕ ಹಾಲುಕ್ಕಿಸಿದ್ರೇನೇ ನಾನು ಒಳಕ್ಕೆ ಕಾಲಿಡೋದು" ಎಂದು ಅವನು ಊರಿಗೆಲ್ಲ ಸಾರಿದ್ದ. ಆ ಹೊತ್ತಿಗೆ ಅಲ್ಲಿಗೆ ತಲುಪಿಸುವ ಬಸ್ಸಿಲ್ಲ.

"ನಾನು ಹಿಂದಿನ ದಿನ್ವೇ ಬಸ್ಸಿಗೆ ಹೋಗಿಬುಡ್ತೀನಿ" ಎಂದಿದ್ದರು ಸುವರ್ಣಮ್ಮ.

"ಮನೇಲಿ ಕಾರಿಟ್ಕಂಡು ಬಸ್ಸಿಗೆ ಹೋಗ್ತೀಯಾ? ಹಾಲು ಉಕ್ಕೋ ಹೊತ್ತಿಗೆ ನಿನ್ನ ಅಲ್ಲಿ ನಿಲ್ಸೋದು ನನ್ನ ಜವಾಬ್ದಾರಿ. ಈ ರೇವಣಸಿದ್ದಯ್ಯನ ಮಾತು ಅಂದ್ರೆ ಮಾತು."

ಆ ಮಾತನ್ನು ನಂಬಿದ್ದು ಸುವರ್ಣಮ್ಮನವರ ತಪ್ಪು ಎನ್ನಲಾಗದು. ನಂಬದೆ ಇದ್ದರೆ ಯಜಮಾನರಿಗೆ ಊಟ ಸೇರುವುದಿಲ್ಲ.

ಕೀಯೊಳಗೆ ಇಣುಕಿ ನೋಡಿದ ಸಿದ್ದಯ್ಯನವರಿಗೆ ರೋಗ ತಕ್ಷಣ ತಿಳಿಯಿತು: ಒಣಗಿದೆ. ಈ ಸೀಮೆಯಲ್ಲಿ ಬಾಗಿಲು ಕಿರುಗುಟ್ಟಿದರೂ, ಮಂಡಿ ಹಿಡಿದರೂ, ಕೂಸು ನಿದ್ದೆ ಮಾಡದಿದ್ದರೂ ಔಷಧ ಒಂದೇ. ಹೆಂಡತಿ ಮೊರ ಎತ್ತಿಕೊಂಡು ಒಳಗೆ ಹೋದ ಮೇಲೆ ಅವರು ಗಾಣದ ಕೊಬ್ಬರಿ ಎಣ್ಣೆಯನ್ನು ಗುಂಡಿಯ ಕೆಳಗೆ ಎರಡು ತೊಟ್ಟು ಬಿಟ್ಟರು. ತಿಪಟೂರಿನಿಂದ ತಂದಿಟ್ಟಿದ್ದ ಹೊಸ ಸೆಲ್ಲಿಗೂ ದೋಸೆಗೆ ಸವರುವಂತೆ ಎರಡೂ ಬದಿ ಸವರಿ, ಮುಚ್ಚಳ ಅದುಮಿ, ಗುಂಡಿ ಒತ್ತಿದರು. ಅಂಗಳದ ಕಾರು ಕುಯ್ಕ್ ಎಂದು ಕಣ್ಣು ಮಿಟುಕಿಸಿತು.

"ನೋಡ್ದಾ?" ಎಂದು ಒಳಗಿದ್ದ ಹೆಂಡತಿಗೆ ಕೇಳುವಂತೆ ಕೂಗಿದರು.

ಮರುದಿನ ಬೆಳಿಗ್ಗೆ ಕೀ ಉಸಿರೆತ್ತಲಿಲ್ಲ.

ಡೂಪ್ಲಿಕೇಟ್ ಸೆಲ್ಲು ಕೊಟ್ಟಿದ್ದಾನೆಂದು ಬೈದುಕೊಳ್ಳುತ್ತಾ, ಬಿಸಿಲು ಏರಿದ ಮೇಲೆ ಸಿದ್ದಯ್ಯನವರು ಬಸ್ಸು ಹತ್ತಿ ತಿಪಟೂರಿನ ಗಡಿಯಾರದಂಗಡಿಗೆ ಹೋದರು. ಅಂಗಡಿಯ ರಂಗನಾಥ್ ಕೀಯೊಳಗಿದ್ದ ಸೆಲ್ಲನ್ನು ಮೀಟರಿಗಿಟ್ಟು ನೋಡಿದ.

"ಅಣ್ಣ, ಇದು ಭರ್ತಿ ಐತಲ್ಲ."

"ಹಂಗಾದ್ರೆ ನಿನ್ನ ಮೀಟರಿಂದೇ ಸೆಲ್ ಹೋಗಿರ್ಬೇಕು, ನೋಡ್ಕಳಪ್ಪ."

ಗಿರಾಕಿಯೊಡನೆ ವಾದ ಮಾಡಿ ಯಾವ ಅಂಗಡಿಯವನೂ ಉದ್ಧಾರವಾಗಿಲ್ಲ. ರಂಗನಾಥ್ ಹೊಸ ಸೆಲ್ಲು ಹಾಕಿಕೊಟ್ಟ. ಕೀಯ ಕೆಂಪು ದೀಪ ಮಿನುಗಿತು. ಮನೆಗೆ ಬಂದ ಸಿದ್ದಯ್ಯನವರು ಯಾವುದಕ್ಕೂ ಇರಲಿ ಎಂದು ಇನ್ನೆರಡು ತೊಟ್ಟು ಎಣ್ಣೆ ಬಿಟ್ಟರು. ಮಧ್ಯಾಹ್ನವೆಲ್ಲ ಕಾರು ಕರೆದಾಗಲೆಲ್ಲ ಕುಯ್ಕ್ ಎಂದಿತು. ಬೆಳಗಾಗುವುದರೊಳಗೆ ಮತ್ತೆ ಮೌನ. ಮತ್ತೆ ಬಸ್ಸು, ಮತ್ತೆ ಸೆಲ್ಲು, ಮತ್ತೆ ಎಣ್ಣೆ. ಆ ವಾರ ರಂಗನಾಥ್ ಸಿದ್ದಯ್ಯನವರನ್ನು ದೂರದಲ್ಲಿ ಕಂಡರೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಿದ್ದ.

"ಶೋರೂಮಿನೋರ್ನ ಒಂದ್ ಮಾತು ಕೇಳ್ರೀ" ಎಂದರು ಸುವರ್ಣಮ್ಮ.

"ಅವ್ರಿಗೇನ್ ಗೊತ್ತು? ರಾತ್ರಿಯೆಲ್ಲ ಈ ಕೀ, ಆ ಕಾರು ಮಾತಾಡ್ಕೋತಾವೆ ಕಣೇ. ಹೊಸದಾಗಿ ನಿಶ್ಚಯ ಆದೋರು ಫೋನಲ್ಲಿ ಮಾತಾಡಲ್ವಾ, ಹಂಗೆ. ಸೆಲ್ಲು ಖಾಲಿಯಾಗ್ದೆ ಇನ್ನೇನಾಯ್ತದೆ?"

ಅಂದು ಸಂಜೆ ಜೋಡಿಯನ್ನು ಅಗಲಿಸಲಾಯಿತು. ಕೀಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಕೊಬ್ಬರಿ ಒಣಗುವ ಅಟ್ಟದ ಮೂಲೆಗೆ ಸೇರಿಸಿದರು. ಬೆಳಿಗ್ಗೆ ಏಣಿ ಹತ್ತಿ ಇಳಿಸಿದರೆ ಅದೇ ಹಾಡು. ವಿರಹಕ್ಕೂ ಸೆಲ್ಲು ಖರ್ಚಾಗುತ್ತದೆಂದು ತಿಳಿದು ಅವರಿಗೆ ಬೇಸರವಾಯಿತು.

ಗೃಹಪ್ರವೇಶದ ಹಿಂದಿನ ಸಂಜೆ ಅವರಿಗೆ ಹೊಳೆದದ್ದು ಬ್ರಹ್ಮಾಸ್ತ್ರ. ಸೆಲ್ಲು ತಣ್ಣಗಿದ್ದಷ್ಟೂ ಹೆಚ್ಚು ಬಾಳುತ್ತದೆಂದು ಯಾರೋ ಮೊಬೈಲಿನ ವಿಡಿಯೋದಲ್ಲಿ ಹೇಳಿದ್ದು ನೆನಪಿಗೆ ಬಂತು. ಸ್ವಲ್ಪ ಹೊತ್ತಿಗೆ ಹೂವಿನ ದಿಂಡು ಇಡಲು ಫ್ರಿಜ್ ತೆರೆದ ಸುವರ್ಣಮ್ಮ ಕೇಳಿದರು. "ರೀ, ಮೊಸರಿನ ಪಕ್ಕ ಕೀ ಯಾಕಿಟ್ಟಿದ್ದೀರಾ?"

"ಅದೊಂದು ಟೆಕ್ನಿಕ್ಕು. ನಿಂಗೆ ಗೊತ್ತಾಗಲ್ಲ ಬುಡು."

ಬೆಳಗಿನ ಜಾವ ಅಂಗಳದ ತುಂಬ ಮಂಜು. ರೇಷ್ಮೆ ಸೀರೆಯುಟ್ಟು, ಹಣ್ಣುಕಾಯಿಯ ತಟ್ಟೆ ಹಿಡಿದು ಸುವರ್ಣಮ್ಮ ಕಾರಿನ ಬಳಿ ನಿಂತರು. ಸಿದ್ದಯ್ಯನವರು ಫ್ರಿಜ್ಜಿನಿಂದ ಕೀಯನ್ನು ಪ್ರಸಾದದಂತೆ ತಂದು ಗುಂಡಿ ಒತ್ತಿದರು. ಕಾರು ಕಣ್ಣು ಬಿಡಲಿಲ್ಲ. ಎರಡೂ ಹೆಬ್ಬೆರಳಿಂದ ಒತ್ತಿದರು. ಪ್ರದಕ್ಷಿಣೆ ಬಂದು ಒತ್ತಿದರು. ಕೊನೆಗೆ ಕಾಯಿಯೊಳಗೆ ಕೊಬ್ಬರಿ ಒಣಗಿ ಗಿಟಕು ಬಿಟ್ಟಿದೆಯೇ ಎಂದು ನೋಡುವವರಂತೆ ಕೀಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದರು.

ಕೀಯ ಹೊಟ್ಟೆಯಲ್ಲಿ ಆಪತ್ತಿಗೆಂದು ಒಂದು ಕಬ್ಬಿಣದ ಕೀ ಇರುತ್ತದೆ. ಅದನ್ನು ಎಳೆದು ಬಾಗಿಲು ತೆರೆದರು. ಕಾರು ತನ್ನನ್ನು ಕದಿಯಲು ಯಾರೋ ಬಂದರೆಂದು ಊರೇ ಏಳುವಂತೆ ಅರಚಿತು. ಎದುರು ಮನೆಯ ಲಕ್ಷ್ಮಯ್ಯ ದೊಣ್ಣೆ ಹಿಡಿದು ಓಡಿ ಬಂದು, ಕಳ್ಳನ ಮುಖ ನೋಡಿ, "ನೀವಾ" ಎಂದು ವಾಪಸು ಹೋದ. ಅರಚಿ ಅರಚಿ ಕಾರು ತಾನೇ ಸುಮ್ಮನಾಯಿತು. ಎಂಜಿನ್ ಮಾತ್ರ ಏಳಲಿಲ್ಲ.

ಸುವರ್ಣಮ್ಮ ಬೈಯುತ್ತಾರೆಂದು ಸಿದ್ದಯ್ಯನವರು ತಯಾರಾಗಿ ನಿಂತರು. ಅವರು ಬೈಯಲಿಲ್ಲ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಅಂಚಿಗೆ ಕೂತರು.

"ಮಲ್ಲೇಶ ಹೊರಗೇ ನಿಂತಿರ್ತಾನೆ" ಎಂದರು ಮೆಲ್ಲಗೆ.

ಆಗ ಸಿದ್ದಯ್ಯನವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಬೈಗುಳಕ್ಕಾದರೆ ಉತ್ತರ ಕೊಡಬಹುದಿತ್ತು. ಹಿಂದಿನ ದಿನವೇ ಬಸ್ಸಿಗೆ ಕಳಿಸಿದ್ದರೆ ಆಗುತ್ತಿತ್ತು ಎಂದುಕೊಂಡರು.

"ಕೊಡಿ ಇಲ್ಲಿ" ಎಂದು ಸುವರ್ಣಮ್ಮ ಕೀ ಇಸಿದುಕೊಂಡು ಹೇರ್‌ಪಿನ್ನಿನಿಂದ ಮುಚ್ಚಳ ಎಬ್ಬಿಸಿದರು. ಮೊಬೈಲ್ ಟಾರ್ಚ್ ಬಿಟ್ಟು ನೋಡಿದರು. "ಇದೇನ್ರೀ, ಒಳಗೆ ಬೆಣ್ಣೆ?" ಮೂಗಿನ ಹತ್ತಿರ ಹಿಡಿದರು. "ಕೊಬ್ಬರಿ ಎಣ್ಣೆ ಬಿಟ್ರಾ?"

"ಎರಡೇ ತೊಟ್ಟು."

"ಎರಡು ತೊಟ್ಟಿಗೆ ಇಷ್ಟಾಯ್ತದಾ?"

"ದಿನಾ ಎರಡು ತೊಟ್ಟು."

"ಈ ಚಳೀಲಿ ಎಣ್ಣೆ ಗಟ್ಟಿಯಾಗಲ್ವಾ? ಸೆಲ್ಲಿಗೂ ತಗಡಿಗೂ ನಡುವೆ ಗೋಡೆ ಕಟ್ಟಿ ಕೂತೈತೆ. ಬಿಸಿಲಿಗೆ ಕರಗ್ತಿತ್ತು, ಚಳಿಗೆ ಕಟ್ಕತಿತ್ತು. ಸಾಲ್ದೂ ಅಂತ ಫ್ರಿಜ್ಜು ಬೇರೆ."

"ನಮ್ಮನೆ ಎಣ್ಣೆ ಯಾವತ್ತೇ ಗಟ್ಟಿಯಾಗಿತ್ತು? ಬೆಳಿಗ್ಗೆ ನಾನು ತಲೆಗೆ ಹಚ್ಕೊಳ್ಳೋವಾಗ ನೀರಿನಂಗಿರ್ತದೆ."

"ಇರ್ತದೆ. ನೀವು ಏಳೋದ್ರೊಳಗೆ ಯಾರೋ ಬಾಟ್ಲಿನ ಹಂಡೆ ಒಲೆ ಪಕ್ಕ ಇಟ್ಟು ಕರಗಿಸಿರ್ತಾರಲ್ಲ."

ಆ ಯಾರೋ ಯಾರೆಂದು ಸಿದ್ದಯ್ಯನವರು ಕೇಳಲಿಲ್ಲ. ಮದುವೆಯಾದ ಮೇಲಿನ ಅಷ್ಟೂ ಚಳಿಗಾಲಗಳು ಒಟ್ಟಿಗೆ ಬಂದು ಅವರೆದುರು ನಿಂತವು.

ಸುವರ್ಣಮ್ಮ ಗಂಡನ ಹೆಗಲ ಮೇಲಿನ ಟವೆಲ್ಲನ್ನೇ ಎಳೆದು ಸೆಲ್ಲು, ತಗಡು ಎಲ್ಲ ಒರೆಸಿದರು. ಹಂಡೆಯ ಒಲೆಯ ಕಾವಿಗೆ ಸ್ವಲ್ಪ ಹೊತ್ತು ಹಿಡಿದು, ಸಂದಿಯಲ್ಲಿ ಕರಗಿದ್ದನ್ನೂ ಒತ್ತಿ ತೆಗೆದರು. ಗುಂಡಿ ಒತ್ತಿದರು. ಕಾರು ಕುಯ್ಕ್ ಎಂದಿತು.

"ಕೊಡು ಕೀ" ಎಂದು ಸಿದ್ದಯ್ಯನವರು ಕೈ ಚಾಚಿದರು.

"ಒಳಗಿನ್ನೂ ಎಣ್ಣೆ ಐತೆ, ತಣ್ಣಗಾದ್ರೆ ಮತ್ತೆ ಕಟ್ಕತದೆ" ಎನ್ನುತ್ತಾ ಸುವರ್ಣಮ್ಮ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇಲ್ಲೇ ಬೆಚ್ಚಗಿರ್ಲಿ. ನೀವು ಕಾರಿನ ಗುಂಡಿ ಒತ್ತಿ."

ಅವರು ಒತ್ತಿದರು.

ಚಿಕ್ಕನಾಯಕನಹಳ್ಳಿ ದಾಟುವಾಗ ಗುಡ್ಡದ ಅಂಚು ಕೆಂಪಾಗತೊಡಗಿತ್ತು. ಕೆಂಕೆರೆ ಮುಟ್ಟಿದಾಗ ಮಲ್ಲೇಶ ಕೊಟ್ಟ ಮಾತಿನಂತೆ ಹೊಸಿಲ ಹೊರಗೇ ಗಡಗಡ ನಡುಗುತ್ತಾ ನಿಂತಿದ್ದ. ಪುರೋಹಿತರು ಗಡಿಯಾರ ನೋಡುತ್ತಿದ್ದರು. ಕಾರು ನಿಲ್ಲುವಷ್ಟರಲ್ಲೇ ಸುವರ್ಣಮ್ಮ ಇಳಿದು, ತಮ್ಮನ ಕೈ ಹಿಡಿದು, ಬಲಗಾಲಿಟ್ಟು ಒಳಗೆ ಹೋದರು.

ಸಿದ್ದಯ್ಯನವರು ಎಂಜಿನ್ ಆರಿಸಿ ನಿಟ್ಟುಸಿರು ಬಿಟ್ಟರು. ಆಮೇಲೆ ನೋಡಿದರೆ, ಆತುರದಲ್ಲಿ ಕಾರನ್ನು ಚಪ್ಪರದ ಬಾಯಿಗೆ ಅಡ್ಡವಾಗಿ ನಿಲ್ಲಿಸಿಬಿಟ್ಟಿದ್ದರು. ಹಿಂದೆ ಅಡುಗೆಯವರ ವ್ಯಾನು ಹಾರನ್ ಹೊಡೆಯತೊಡಗಿತು. ಇವರು ಗುಂಡಿ ಒತ್ತಿದರು. ಕೀ ಕಾಣುತ್ತಿಲ್ಲವೆಂದು ಕಾರು ಬೀಪ್ ಬೀಪ್ ಎಂದಿತು. ಕೀ ಮನೆಯೊಳಗೆ ಹಾಲಿನ ಪಾತ್ರೆಯ ಮುಂದೆ, ಸುವರ್ಣಮ್ಮನ ಸೊಂಟದಲ್ಲಿ ಬೆಚ್ಚಗೆ ಕೂತಿತ್ತು.

ಇಳಿದು ಕಿಟಕಿಯಲ್ಲಿ ಇಣುಕಿದರು. ಹಾಲು ಪಾತ್ರೆಯ ಅಂಚಿಗೆ ಬರುತ್ತಿತ್ತು. ಅದನ್ನೇ ನೋಡುತ್ತಿದ್ದ ಸುವರ್ಣಮ್ಮನ ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು. ಭೂಮಿ ಬಿರಿದರೂ ಈಗ ಇವಳನ್ನು ಕರೆಯುವುದಿಲ್ಲ ಎಂದುಕೊಂಡರು ಸಿದ್ದಯ್ಯನವರು. ಅವರಿಗೆ ಬಹಳ ಸಂತೋಷವಾಗಿತ್ತು.

ವ್ಯಾನಿನಿಂದ ಅಡುಗೆಯ ಆಂಜನಪ್ಪ ಇಳಿದು ಬಂದ. "ಯಾರ್ದ್ರೀ ಈ ಕಾರು? ತೆಗೀರಿ, ಇಡ್ಲಿ ಪಾತ್ರೆ ಇಳಿಸ್ಬೇಕು."

ಸಿದ್ದಯ್ಯನವರು ಎಣ್ಣೆ ಹತ್ತಿದ ಟವೆಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

"ಸುವರ್ಣಮ್ಮನೋರ್ದು ಕಣಪ್ಪ. ಒಳಗೆ ಹಾಲುಕ್ಕಿಸ್ತಾವ್ರೆ, ಮುಗಿಸ್ಕಂಡು ಬರ್ಲಿ. ನಾನು ಬರೀ ಡ್ರೈವರ್ರು."